ಅವಳಿಗೆ ಪೂರ್ತಿ ಕೊಡಬೇಡಿ ಸಾರ್!

"ಇನ್ನೊಂದು ಹದಿನೈದು ದಿನ ಟೈಮ್ ಕೊಡಿ ಮೇಡಂ... ಪ್ಲೀಸ್!"

ಕಿಟಕಿಯ ಸರಳು ಹಿಡಿದು ಅವಳು ಬೇಡುತ್ತಿದ್ದಳು. ಒಳಗೆ ಫೀಸು ಕಟ್ಟಿಸಿಕೊಳ್ಳಲು ಕೂತಿದ್ದ ಫೀಸ್ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

"ಹೋದ ತಿಂಗಳೂ ಇದೇ ಮಾತು ಹೇಳಿದ್ದೆ ಅಲ್ವೇನಮ್ಮಾ?"

"ಈ ಸಲ ಖಂಡಿತ ಮೇಡಂ. ನಮ್ಮ ದೊಡ್ಡಮ್ಮ ಲಾಂಡ್ರಿಯಲ್ಲಿ ಎರಡನೇ ಪಾಳಿನೂ ಮಾಡ್ತೀನಿ ಅಂದಿದ್ದಾರೆ. ಅವರ ಮಣಿಕಟ್ಟು ಊದಿಕೊಂಡಿದೆ, ಆದ್ರೂ..."

ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದೆ ತಿರುಗಿದವಳು ಬೆಚ್ಚಿದಳು. ಬೆನ್ನ ಹಿಂದೆಯೇ ಒಬ್ಬ ಎತ್ತರದ ಗಂಡಸು ನಿಂತಿದ್ದ!

ಅಯ್ಯೋ... ಎಲ್ಲಾ ಕೇಳಿಸಿಕೊಂಡನಾ ಇವನು?

ನಾಚಿಕೆಯೆಲ್ಲ ಕೋಪವಾಗಿ ಹೊರಬಂತು. "ಏನ್ರೀ, ಬೇರೆಯವರ ಕಷ್ಟ ಕೇಳೋದು ಅಂದ್ರೆ ಅಷ್ಟು ಇಷ್ಟಾನಾ ನಿಮಗೆ?"

ಅವನು ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದ.

"ಇಲ್ಲ ಕಣ್ರೀ... ನಾನು ಕ್ಯೂನಲ್ಲಿ ನಿಂತಿದ್ದೀನಿ." ತಲೆ ಕೆರೆದುಕೊಂಡ. "ನಾನೂ ಅದನ್ನೇ ಕೇಳೋಕೆ ಬಂದಿದ್ದು. ನೀವು ಅಷ್ಟು ಚೆನ್ನಾಗಿ ಕೇಳಿದ್ಮೇಲೆ ನನಗೆ ಹೇಳೋಕೆ ಏನೂ ಉಳಿದಿಲ್ಲ."

ಅವಳಿಗೆ ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡಳು.

ಕೃತಕ ಹಲ್ಲು ತಯಾರಿಸುವುದನ್ನು ಕಲಿಸುವ ಖಾಸಗಿ ತರಬೇತಿ ಶಾಲೆ ಅದು. ಎರಡು ವರ್ಷದ ಕೋರ್ಸು. ಕಲಿತು ಹೊರಬಂದರೆ ಕೆಲಸ ಕೈಗೆ ಸಿಕ್ಕಂತೆಯೇ. ಆದರೆ ಫೀಸು ಮಾತ್ರ ಕೇಳಿದವರ ಬಾಯಿ ಒಣಗಿಸುವಂಥದು.

"ಇಬ್ಬರೂ ಬನ್ನಿ ಇಲ್ಲಿ," ಎಂದು ಫೀಸ್ ಮೇಡಂ ಕೈಸನ್ನೆ ಮಾಡಿದರು. ಅವರ ದನಿ ಈಗ ಸ್ವಲ್ಪ ಮೆತ್ತಗಾಗಿತ್ತು. "ಈ ವರ್ಷದ ಬಾಕಿಗೆ ನಾನು ಹೇಗಾದ್ರೂ ಟೈಮ್ ಕೊಡಿಸ್ತೀನಿ. ಮುಂದಿನ ವರ್ಷದ್ದು ಏನ್ಮಾಡ್ತೀರಿ? ಇಲ್ಲೇ ಕಲಿತು ಸ್ವಂತ ಲ್ಯಾಬ್ ಮಾಡಿದ ಹಿರಿಯರೊಬ್ಬರು ಒಂದು ನಿಧಿ ಇಟ್ಟಿದ್ದಾರೆ. ಎರಡನೇ ವರ್ಷದ ಫೀಸ್ ಪೂರ್ತಿ ಅದರಿಂದಾನೇ ಬರುತ್ತೆ. ಕೈಕೆಲಸ ನೋಡ್ತಾರೆ, ಕೂರಿಸಿ ಮಾತಾಡಿಸ್ತಾರೆ. ಅರ್ಜಿ ಹಾಕಿ."

"ಇಬ್ಬರಿಗೂ ಕೊಡ್ತಾರಾ ಮೇಡಂ?" ಅವನು ಆಸೆಯಿಂದ ಕೇಳಿದ.

"ಒಬ್ಬರಿಗೆ ಮಾತ್ರ!"

ಅವಳು ಅವನನ್ನು ನೋಡಿದಳು. ಅವನು ಅವಳನ್ನು ನೋಡಿದ. ಇಬ್ಬರೂ ಒಟ್ಟಿಗೇ ಕಣ್ಣು ತಪ್ಪಿಸಿಕೊಂಡರು.

ಶಾಲೆಯಲ್ಲಿ ಅವಳನ್ನು ಎಲ್ಲರೂ ಚೂಟಿ ಎಂದೇ ಕರೆಯುತ್ತಿದ್ದರು. ಅದು ಅವಳ ದೊಡ್ಡಮ್ಮ ಇಟ್ಟ ಹೆಸರು. ಅಪ್ಪ ಅಮ್ಮ ಇಲ್ಲದ ಮಗುವನ್ನು ದೊಡ್ಡಮ್ಮ ಲಾಂಡ್ರಿಯ ಹಬೆಯ ನಡುವೆಯೇ ಸಾಕಿದ್ದಳು. ಇಸ್ತ್ರಿಯಾದ ಬಟ್ಟೆ ಮನೆಮನೆಗೆ ಮುಟ್ಟಿಸುವುದು ಚೂಟಿಯ ಕೆಲಸ. ಹಾಗೆ ಬಿಳಿ ಕೋಟುಗಳನ್ನು ಕೊಡಲು ಹಲ್ಲಿನ ಲ್ಯಾಬೊಂದಕ್ಕೆ ಹೋದಾಗಲೆಲ್ಲ ಅವಳು ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಗುಲಾಬಿ ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸುವ ಆ ಕೈಗಳನ್ನು ಎಷ್ಟು ನೋಡಿದರೂ ತೀರುತ್ತಿರಲಿಲ್ಲ.

"ಅಷ್ಟು ಇಷ್ಟ ಇದ್ರೆ ಕಲಿತ್ಕೋ," ಎಂದಿದ್ದಳು ದೊಡ್ಡಮ್ಮ, ಒಂದು ದಿನ, ಅಂಗಿಯ ಕಾಲರು ತೀಡುತ್ತಾ.

"ಫೀಸು ದೊಡ್ಡಮ್ಮಾ?"

"ನಿನ್ನ ತಲೆ ನೀನು ಓದೋಕೆ ಇಟ್ಕೋ. ತಲೆ ಕೆಡಿಸ್ಕೊಳೋಕೆ ನಾನಿದ್ದೀನಿ."

ಮೊದಲ ವರ್ಷದ ಫೀಸಿನ ಮೊದಲ ಕಂತಿಗೆ ದೊಡ್ಡಮ್ಮ ತನ್ನ ಬಳೆ ಮಾರಿದ್ದಳು. "ಇಸ್ತ್ರಿ ಮಾಡುವಾಗ ಬಿಸಿಯಾಗಿ ಚುರುಗುಟ್ಟುತ್ತಿತ್ತು, ಪೀಡೆ ತೊಲಗಿತು ಬಿಡು" ಎಂದು ನಕ್ಕಿದ್ದಳು. ಆ ನಗು ನೆನಪಾದಾಗಲೆಲ್ಲ ಚೂಟಿಯ ಕಣ್ಣು ತುಂಬಿ ಬರುತ್ತಿತ್ತು.

ಅವನು ಮಧ್ಯಾಹ್ನದ ತಂಡದವನು. ಮೊದಲು ಲಾರಿ ಓಡಿಸುತ್ತಿದ್ದನಂತೆ, ಅದಕ್ಕೇ ಎಲ್ಲರ ಬಾಯಲ್ಲೂ 'ಲಾರಿ'. ಬೆಳಗಿನ ತಂಡ ಮುಗಿದು ಮಧ್ಯಾಹ್ನದ ತಂಡ ಶುರುವಾಗುವ ಮುಂಚೆ ಅಭ್ಯಾಸದ ಕೋಣೆ ಖಾಲಿ ಇರುತ್ತಿತ್ತು. ಚೂಟಿ ಅಲ್ಲಿ ಉಳಿದು ಅಭ್ಯಾಸ ಮಾಡುತ್ತಿದ್ದಳು. ಒಂದು ದಿನ ಅವನೂ ಬಂದ.

ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ಮೇಣದೊಂದಿಗೆ ಕುಸ್ತಿ ಮಾಡುತ್ತಿದ್ದುದನ್ನು ಅವಳು ಓರೆಗಣ್ಣಿನಿಂದ ನೋಡಿದಳು. ಆ ದೊಡ್ಡ ಬೆರಳುಗಳ ನಡುವೆ ಪುಟ್ಟ ಹಲ್ಲು ಜಾರಿ ಜಾರಿ ಬೀಳುತ್ತಿತ್ತು.

ನನಗೆ ಪೈಪೋಟಿ ಕೊಡುವವನು. ಒದ್ದಾಡಲಿ ಬಿಡು!

ಆದರೆ ಸುಮ್ಮನಿರಲು ಆಗಬೇಕಲ್ಲ!

"ರೀ, ಚಾಕು ಅಷ್ಟು ಬಿಸಿ ಮಾಡಬೇಡ್ರೀ. ಮೇಣ ಕರಗಿ ಹರಿದು ಹೋಗ್ತಿದೆ ನೋಡಿ. ಕೊಡಿ ಇಲ್ಲಿ."

ಅವನು ಚಾಕು ಕೊಟ್ಟು ಕೈಕಟ್ಟಿ ಕೂತ. ಅವಳು ನಾಲ್ಕು ಹಲ್ಲು ಕೂರಿಸಿ ತೋರಿಸಿದಳು.

"ಮುಂದಿನ ಸಾಲು ನೋಡೋಕೆ ಮುತ್ತಿನ ಥರ ಇದೆ," ಎಂದ ಅವನು ಮೆಚ್ಚುಗೆಯಿಂದ. ಆಮೇಲೆ ಸ್ವಲ್ಪ ತಡೆದು, "ಆದ್ರೆ ದವಡೆ ಮುಚ್ಚಿದ್ರೆ ಬಲಗಡೆ ಮೊದಲು ತಾಗುತ್ತೆ. ಎಡಗಡೆ ಅಗಿಯೋಕಾಗಲ್ಲ. ಲೋಡು ಒಂದೇ ಕಡೆಗೆ ವಾಲಿದ ಹಾಗೆ."

ಮೂಗಿನ ತುದಿಗೆ ಬಂದ ಕೋಪ ಅಲ್ಲೇ ನಿಂತಿತು. ಅವಳು ದವಡೆಯ ಅಚ್ಚು ಮುಚ್ಚಿ ನೋಡಿದಳು. ಹೌದು! ಮೇಷ್ಟ್ರೂ ಇದನ್ನೇ ಹೇಳಿ ಹೇಳಿ ಸೋತಿದ್ದರು. ಅವಳಿಗೆ ಈಗ ಅರ್ಥವಾಯಿತು.

ಅಂದಿನಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರತೊಡಗಿದರು. ಅವಳು ಅವನ ಕೈ ತಿದ್ದಿದಳು. ಅವಳು ಕೂರಿಸಿದ ಹಲ್ಲುಗಳು ಎರಡೂ ಕಡೆ ಸಮನಾಗಿ ಕಚ್ಚುವಂತೆ ಅವನು ಮಾಡಿಸಿದ.

"ಲಾರಿ ಬಿಟ್ಟು ಹಲ್ಲಿಗೆ ಯಾಕೆ ಬಂದ್ರಿ?" ಒಂದು ದಿನ ಅವಳು ಕೇಳಿದಳು.

ಅವನು ಬಾಯಗಲಿಸಿ ಮುಂದಿನ ಹಲ್ಲು ತೋರಿಸಿದ. "ಈ ಮೂರು ನನ್ನವಲ್ಲ! ಅಪಘಾತದಲ್ಲಿ ಹೋಗಿದ್ದು. ಬೆನ್ನೂ ಹೋಯ್ತು, ಇನ್ನು ದೂರದ ಗಾಡಿ ಓಡಿಸೋ ಹಾಗಿಲ್ಲ. ಎಷ್ಟೋ ದಿನ ಬಾಯಿಗೆ ಕೈ ಅಡ್ಡ ಇಟ್ಕೊಂಡೇ ಮಾತಾಡ್ತಿದ್ದೆ. ಈ ಹಲ್ಲು ಹಾಕಿದ ದಿನ ಅಕ್ಕನ ಮನೆ ಕನ್ನಡಿ ಮುಂದೆ ನಿಂತು ಹುಚ್ಚನ ಹಾಗೆ ನಕ್ಕಿದ್ದೀನಿ. ಮಾಡಿದವರು ಯಾರೋ... ಹೆಸರೂ ಗೊತ್ತಿಲ್ಲ. ಆದ್ರೆ ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಆ ಪುಣ್ಯಾತ್ಮನಿಗೊಂದು ಥ್ಯಾಂಕ್ಸ್ ಹೇಳ್ತೀನಿ."

ಕೈಯಲ್ಲಿದ್ದ ಮೇಣ ತಣ್ಣಗಾಗಿ ಗಟ್ಟಿಯಾಗಿದ್ದೂ ಚೂಟಿಗೆ ಗೊತ್ತಾಗಲಿಲ್ಲ.

ಇನ್ನೊಂದು ದಿನ ಅವನೇ ಕೇಳಿದ: "ಒಂದ್ಸಲ ನಗ್ತೀರಾ? ನಕ್ಕಾಗ ಮೇಲಿನ ಹಲ್ಲು ಎಷ್ಟು ಕಾಣಬೇಕು ಅಂತ ನೋಡ್ಬೇಕು."

ಅವಳು ಹಲ್ಲು ಕಿರಿದು ತೋರಿಸಿದಳು.

"ಛೇ! ಡಾಕ್ಟರಿಗೆ ತೋರಿಸೋ ಹಾಗಲ್ಲ ಕಣ್ರೀ. ನಿಜವಾಗ್ಲೂ ನಗಿ."

"ಸುಮ್ಸುಮ್ನೆ ಹೇಗೆ ನಗೋದು?"

"ನನ್ನ ಕೆಲಸ ನೋಡಿ, ತಾನಾಗೇ ಬರುತ್ತೆ." ಅವನು ತಾನು ಕೂರಿಸಿದ ಸಾಲನ್ನು ಮುಂದೆ ಹಿಡಿದ. ಎರಡು ಹಲ್ಲುಗಳು ಬೆನ್ನು ತಿರುಗಿಸಿ ಜಗಳವಾಡಿದಂತೆ ನಿಂತಿದ್ದವು.

ಅವಳಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಕ್ಕಳು. ನಗು ನಿಂತಾಗ ಅವನು ಹಲ್ಲಿನ ಲೆಕ್ಕವನ್ನೇ ಮರೆತು ಅವಳ ಮುಖ ನೋಡುತ್ತಿದ್ದ...

ಕೆನ್ನೆ ಬಿಸಿಯಾಯಿತು. ಚೂಟಿ ಬೇಗ ಬೇಗ ಚಾಕು ಒರೆಸತೊಡಗಿದಳು.

ಬೇಡ ಮನಸ್ಸೇ... ಇಬ್ಬರಲ್ಲಿ ಒಬ್ಬರೇ ಇಲ್ಲಿ ಉಳಿಯೋದು!

ಸಂದರ್ಶನದ ದಿನ ಬಂತು. ಪ್ರಿನ್ಸಿಪಾಲರು, ನಿಧಿ ಇಟ್ಟ ಹಿರಿಯರು, ಫೀಸ್ ಮೇಡಂ ಒಳಗೆ ಕೂತಿದ್ದರು. ಅವಳ ಸರದಿ ಮೊದಲು. ಹಿರಿಯರು ಅವಳು ಮಾಡಿದ ಹಲ್ಲಿನ ಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಕೈ ಚೆನ್ನಾಗಿದೆ ಮಗಳೇ," ಎಂದಷ್ಟೇ ಹೇಳಿದರು.

ಆಮೇಲೆ ಅವನು ಒಳಗೆ ಹೋದ. ಹೋಗುವಾಗ ಅವಳತ್ತ ತಿರುಗಿ ಮುಗುಳ್ನಕ್ಕ.

ಅವಳು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಗಾಳಿಗೆ ಬಾಗಿಲು ಸ್ವಲ್ಪ ಸರಿಯಿತು. ಅವನ ದನಿ ಸ್ಪಷ್ಟವಾಗಿ ಕೇಳಿಸಿತು.

"ಅವಳಿಗೆ ಪೂರ್ತಿ ಕೊಡಬೇಡಿ ಸಾರ್!"

ಚೂಟಿ ಬೆಂಚಿನಿಂದ ಥಟ್ಟನೆ ಎದ್ದಳು.

ಏನು ಹೇಳಿದ? ಅವನೇನಾ... ನನ್ನ ಲಾರಿಯೇನಾ ಹೀಗೆ ಹೇಳಿದ್ದು?

ಮುಂದಿನದನ್ನು ಕೇಳುವ ಶಕ್ತಿ ಅವಳಿಗೆ ಉಳಿಯಲಿಲ್ಲ. ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿ ಕೊರೆಯುತ್ತಿತ್ತು. ಪಕ್ಕದಲ್ಲಿ ಕೂತು ನಕ್ಕಿದ್ದು, ಕೈಹಿಡಿದು ತಿದ್ದಿಸಿಕೊಂಡಿದ್ದು... ಎಲ್ಲಾ ಇದಕ್ಕೇನಾ?

ಮಾರನೇ ದಿನ ಅವಳು ಶಾಲೆಗೆ ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ. ಅವನ ಫೋನು ಬಂದರೆ ಕತ್ತರಿಸಿದಳು. ಆಮೇಲೆ ಫೋನನ್ನೇ ಆರಿಸಿಟ್ಟಳು. ಲಾಂಡ್ರಿಗೆ ಬಂದು ದೊಡ್ಡಮ್ಮನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡಳು.

"ಇನ್ನು ನಾನು ಓದಲ್ಲ. ಇಲ್ಲೇ ಇರ್ತೀನಿ."

ದೊಡ್ಡಮ್ಮ ಅವಳ ಊದಿಕೊಂಡ ಮುಖ ನೋಡಿದಳು. ಕೂರಿಸಿ, ನೀರು ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡಳು.

"ಸರಿ. ಪೂರ್ತಿ ಕೊಡಬೇಡಿ ಅಂದ. ಆಮೇಲೆ?"

"ಆಮೇಲೆ ಏನು? ಎದ್ದು ಬಂದೆ!"

"ಅಂದ್ರೆ ಅರ್ಧ ಕೇಳಿ ಓಡಿ ಬಂದಿದ್ದೀಯ." ದೊಡ್ಡಮ್ಮ ನಿಟ್ಟುಸಿರು ಬಿಟ್ಟಳು. "ಚಿಕ್ಕವಳಿದ್ದಾಗಲೂ ಹೀಗೇ. ನಾನು 'ಹೊಡೀತೀನಿ' ಅನ್ನೋಷ್ಟರಲ್ಲಿ ಅಳೋಕೆ ಶುರು. ಸೊಳ್ಳೆ ಹೊಡೀತೀನಿ ಅಂದಿದ್ದು ಕಣೇ ನಾನು!"

ಅಷ್ಟರಲ್ಲಿ ಲಾಂಡ್ರಿಯ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹಬೆಯಿಂದ ಮಂಜಾದ ಕನ್ನಡಕ ಒರೆಸುತ್ತಾ ಫೀಸ್ ಮೇಡಂ ನಿಂತಿದ್ದರು!

"ಫೋನ್ ಯಾಕೆ ಇಟ್ಕೊಂಡಿದ್ದೀಯಮ್ಮಾ, ಅಲಂಕಾರಕ್ಕಾ?" ಎಂದರು ಗದರುತ್ತಾ. ಆಮೇಲೆ ಬಟ್ಟೆಯ ಗಂಟಿನ ಮೇಲೇ ಕೂತು ಉಸಿರು ತೆಗೆದುಕೊಂಡರು. "ನಿನ್ನಿಂದ ಒಂದು ಉತ್ತರ ಬೇಕು. ಅದಕ್ಕೇ ನಾನೇ ಬಂದೆ. ಕೇಳು. ನಿಧಿ ನಿನಗೇ ಅಂತ ತೀರ್ಮಾನ ಆಗಿತ್ತು. ನಿನ್ನ ಕೈಕೆಲಸ ನೋಡಿದ ತಕ್ಷಣವೇ ಆಗಿತ್ತು. ಅವನಿಗೆ ಅದನ್ನೇ ಹೇಳಿದ್ವಿ."

ಚೂಟಿ ಕಣ್ಣರಳಿಸಿದಳು. "ನ... ನನಗೇನಾ?"

"ಅದಕ್ಕೆ ಅವನು, 'ಅವಳಿಗೆ ಪೂರ್ತಿ ಕೊಡಬೇಡಿ ಸಾರ್. ಅರ್ಧ ಅವಳಿಗೆ, ಅರ್ಧ ನನಗೆ ಕೊಡಿ. ಇಬ್ಬರ ಫೀಸಲ್ಲೂ ಉಳಿಯೋ ಅರ್ಧಾನ ಶಾಲೆಯ ಲ್ಯಾಬಿನಲ್ಲಿ ಕೆಲಸ ಮಾಡಿ ತೀರಿಸ್ತೀವಿ' ಅಂದ. ಹಿರಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಅವನಿಗೇ ಏನನ್ನಿಸ್ತೋ, 'ತಪ್ಪಾಯ್ತು, ದುಡ್ಡು ಅವಳದು, ಅವಳನ್ನೇ ಕೇಳಿ' ಅಂದ." ಮೇಡಂ ಅವಳ ಕೈ ಹಿಡಿದರು. "ನೀನು ಪೂರ್ತಿ ಬೇಕು ಅಂದ್ರೆ ಪೂರ್ತಿ ನಿಂದೇ. ಯಾರೂ ನಿನ್ನ ತಪ್ಪು ತಿಳ್ಕೊಳಲ್ಲ. ಅವನು ಬಿಟ್ಟು ಹೋಗ್ತಾನೆ, ಅಷ್ಟೇ. ಯೋಚನೆ ಮಾಡಿ ನಾಳೆ ಹೇಳು."

ಮೇಡಂ ಹೋದ ಮೇಲೂ ಚೂಟಿ ಕೂತಲ್ಲೇ ಕೂತಿದ್ದಳು.

ಪೂರ್ತಿ ಬಂದರೆ ದೊಡ್ಡಮ್ಮ ಈ ವರ್ಷದ ಬಾಕಿ ತೀರಿದ ಕೂಡಲೇ ಎರಡನೇ ಪಾಳಿ ಬಿಡಬಹುದು. ಅರ್ಧ ಬಂದರೆ ಮಧ್ಯಾಹ್ನವೆಲ್ಲ ಲ್ಯಾಬಿನಲ್ಲಿ ದುಡಿಯಬೇಕು. ಲಾಂಡ್ರಿಗೆ ಸಹಾಯ ಮಾಡಲಾಗುವುದಿಲ್ಲ. ಆ ಊದಿದ ಮಣಿಕಟ್ಟು...

"ನನ್ನ ಕೈ ನೋಡಬೇಡ," ಎಂದಳು ದೊಡ್ಡಮ್ಮ, ಕೈಯನ್ನು ಸೆರಗಿನ ಕೆಳಗೆ ಮುಚ್ಚಿಕೊಳ್ಳುತ್ತಾ. "ಫೀಸಿನ ಚಿಂತೆ ಅರ್ಧ ಹೋದ್ರೂ ನಂಗೆ ಎರಡನೇ ಪಾಳಿ ಬೇಕಾಗಲ್ಲ. ನಿನಗೆ ಏನು ಸರಿ ಅನ್ಸುತ್ತೋ ಅದನ್ನ ಮಾಡು. ಆದ್ರೆ ಮೊದಲು ಆ ಹುಡುಗನ ಬಾಯಿಂದ ಪೂರ್ತಿ ಕೇಳಿಸ್ಕೊಂಡು ಬಾ. ಹೋಗು!"

ಲಾರಿ ಬೆಳಗಿನ ಹೊತ್ತು ಹಣ್ಣಿನ ಗೋದಾಮಿನಲ್ಲಿ ಗೇಟು ಕಾಯುತ್ತಿದ್ದ. ಅವಳು ಹೋದಾಗ ಖಾಲಿ ಪೆಟ್ಟಿಗೆಗಳ ನಡುವೆ ಸ್ಟೂಲು ಹಾಕಿಕೊಂಡು ಕೂತಿದ್ದ. ಅವಳನ್ನು ಕಂಡದ್ದೇ ಎದ್ದು ನಿಂತ. ಕ್ಷೌರವಿಲ್ಲದ ಮುಖ, ನಿದ್ದೆಯಿಲ್ಲದ ಕಣ್ಣು.

"ಸಾರಿ..." ಎಂದ.

"ಮೊದಲು ನಾನು ಕೇಳ್ತೀನಿ," ಅವಳು ಕೈಯೆತ್ತಿ ತಡೆದಳು. "ನನಗೆ ಬಂದಿದ್ದರಲ್ಲಿ ಅರ್ಧ ಕೇಳಿದ್ರಾ?"

"ಕೇಳಿದೆ."

"ನನ್ನ ಒಂದು ಮಾತೂ ಕೇಳದೆ!"

"ಹೌದು. ಅದು ತಪ್ಪು." ಅವನು ತಲೆ ತಗ್ಗಿಸಿದ. "ನಿಧಿ ನನಗಿಲ್ಲ ಅಂತ ಅವರು ಹೇಳಿದ ತಕ್ಷಣ ಭಯ ಆಗೋಯ್ತು. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ."

"ಏನೂ ಕೇಳದೆ ಸುಮ್ನೆ ಹೊರಟುಹೋಗಿದ್ರೆ ದೊಡ್ಡ ಮನುಷ್ಯ ಆಗ್ತಿದ್ರಲ್ಲಾ?"

ಅವನು ಖಾಲಿ ಪೆಟ್ಟಿಗೆಯೊಂದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ಆಗ್ತಿದ್ದೆ. ಆದ್ರೆ ನಾನು ಅಷ್ಟು ದೊಡ್ಡವನಲ್ಲ ಕಣ್ರೀ. ನನಗೂ ಆ ಕೆಲಸ ಬೇಕು. ಈ ಗೇಟು ಕಾದು ಕಾದು ಮುದುಕ ಆಗೋಕೆ ಇಷ್ಟ ಇಲ್ಲ. ಮತ್ತೆ... ಮುಂದಿನ ವರ್ಷ ನೀವು ಅಲ್ಲಿ, ನಾನು ಇಲ್ಲಿ. ನಿಮ್ಮ ಪಕ್ಕದ ಸ್ಟೂಲಲ್ಲಿ ಬೇರೆ ಯಾರೋ ಕೂತು ಚಾಕು ಬಿಸಿ ಮಾಡ್ತಿರ್ತಾರೆ. ಅದನ್ನ ನೆನೆಸ್ಕೊಳೋಕೂ ಆಗ್ಲಿಲ್ಲ."

ಚೂಟಿಯ ಎದೆಯಲ್ಲಿ ಎರಡು ದಿನದಿಂದ ಗಟ್ಟಿಯಾಗಿ ಕೂತಿದ್ದದ್ದು ಏನೋ ಮೆತ್ತಗೆ ಕರಗಿತು.

ಇವನು ಸುಳ್ಳು ಹೇಳುತ್ತಿಲ್ಲ. ತನಗೇನು ಬೇಕೋ ಅದನ್ನು ನೇರವಾಗಿ ಹೇಳುತ್ತಿದ್ದಾನೆ. ನನ್ನನ್ನು ಕರುಣೆಯಿಂದ ನೋಡುತ್ತಿಲ್ಲ!

"ನೀವು ನನಗೋಸ್ಕರ ಓದು ಬಿಟ್ಟು ಹೋಗಿದ್ರೆ ಏನಾಗ್ತಿತ್ತು ಗೊತ್ತಾ?" ಎಂದಳು ನಿಧಾನವಾಗಿ. "ನಾನು ಜೀವನಪೂರ್ತಿ ನಿಮ್ಮ ಋಣದಲ್ಲಿ ಇರ್ತಿದ್ದೆ. ನಿಮ್ಮ ಮುಂದೆ ತಲೆ ತಗ್ಗಿಸ್ಕೊಂಡು. ಆಮೇಲೆ ನಿಮ್ಮ ಹತ್ರ ಜಗಳ ಆಡೋದು ಹೇಗೆ?"

ಅವನು ತಲೆಯೆತ್ತಿದ. "ಅಂದ್ರೆ...?"

"ಅಂದ್ರೆ, ನಾಳೆ ಮೇಡಂಗೆ ಅರ್ಧ ಅರ್ಧ ಅಂತ ಹೇಳ್ತೀನಿ. ನೀವು ಕೇಳಿದ್ರಿ ಅಂತ ಅಲ್ಲ. ನಿಮ್ಮಿಂದ ನಾನೂ ಕಲಿತಿದ್ದೀನಿ, ಇನ್ನೂ ಕಲಿಯೋದಿದೆ. ಅದಕ್ಕೆ." ಬೆರಳು ತೋರಿಸಿ ಗದರಿದಳು. "ಇನ್ನೊಂದ್ಸಲ ನನ್ನ ವಿಷಯ ನನ್ನ ಕೇಳದೆ ತೀರ್ಮಾನ ಮಾಡಿದ್ರೆ ಮಾತ್ರ ನೋಡಿ!"

"ಇಲ್ಲ! ಆಣೆಗೂ ಇಲ್ಲ!"

ಇಬ್ಬರಿಗೂ ಒಟ್ಟಿಗೇ ನಗು ಬಂತು. ಕಣ್ಣಲ್ಲಿ ನೀರೂ ಬಂತು.

ಎರಡೂ ತಂಡಗಳಿಗೆ ಒಟ್ಟಿಗೇ ಪಾಠ ನಡೆಯುವ ಎರಡನೇ ವರ್ಷ ಸುಲಭವಿರಲಿಲ್ಲ. ಬೆಳಿಗ್ಗೆ ಪಾಠ, ಮಧ್ಯಾಹ್ನವೆಲ್ಲ ಲ್ಯಾಬಿನಲ್ಲಿ ಅಚ್ಚು ಹೊಯ್ಯುವುದು, ಮೇಣ ಕರಗಿಸುವುದು, ಹಲ್ಲು ತೀಡಿ ಹೊಳಪು ಕೊಡುವುದು. ಮನೆಗೆ ಬರುವಾಗ ಕೂದಲ ತುಂಬಾ ಪ್ಲಾಸ್ಟರಿನ ಪುಡಿ. "ಈ ವಯಸ್ಸಿಗೇ ನಿನ್ನ ತಲೆ ನರೆತಿದೆ" ಎಂದು ದೊಡ್ಡಮ್ಮ ರೇಗಿಸುತ್ತಿದ್ದಳು. ಅವಳ ಮಣಿಕಟ್ಟಿನ ಊತ ಇಳಿದಿತ್ತು. ಒಂದೇ ಪಾಳಿ, ಆಮೇಲೆ ವಿಶ್ರಾಂತಿ.

ಮಲಗುವ ಮುಂಚೆ ಚೂಟಿ ಒಂದೊಂದೇ ಮುಖ ನೆನೆಯುತ್ತಿದ್ದಳು. ತನಗಾಗಿ ಅಷ್ಟು ದೂರ ನಡೆದು ಬಂದ ಫೀಸ್ ಮೇಡಂ. ಒಂದೇ ಒಂದು ಸಲ 'ಮಗಳೇ' ಎಂದ ಆ ಹಿರಿಯರು. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುವ ದೊಡ್ಡಮ್ಮ. ಮತ್ತೆ... ಅವನು. ಎಷ್ಟು ಜನ ಸೇರಿ ಒಬ್ಬಳನ್ನು ಓದಿಸುತ್ತಿದ್ದಾರೆ! ಎದೆ ತುಂಬಿ, ಹಾಗೇ ನಿದ್ದೆ ಬರುತ್ತಿತ್ತು.

ಕೋರ್ಸು ಮುಗಿಯಿತು. ಇಬ್ಬರಿಗೂ ಶಾಲೆಯ ಲ್ಯಾಬಿನಲ್ಲೇ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ಮೇಲಿನ ಭಾನುವಾರ ಅವನು ಇಸ್ತ್ರಿಯಾದ ಅಂಗಿ ತೊಟ್ಟು ಅವಳ ಮನೆಗೆ ಬಂದ.

ದೊಡ್ಡಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಈ ಕಾಲರ್ ಯಾರಪ್ಪಾ ಇಸ್ತ್ರಿ ಮಾಡಿದ್ದು?"

"ನಾ... ನಾನೇ."

"ಗೊತ್ತಾಗುತ್ತೆ. ನನ್ನ ಮಗಳನ್ನ ಚೆನ್ನಾಗಿ ನೋಡ್ಕೋತೀಯಾ?"

"ಅವರೇ ನನ್ನ ಚೆನ್ನಾಗಿ ನೋಡ್ಕೋತಿದ್ದಾರೆ ಅಮ್ಮಾ. ನಾನು... ಅದಕ್ಕೆ ಸಮನಾಗಿ ನಿಂತ್ಕೊಳೋಕೆ ಪ್ರಯತ್ನ ಪಡ್ತೀನಿ."

ದೊಡ್ಡಮ್ಮನ ಮುಖದಲ್ಲಿ ನಗು ಇಣುಕಿತು. "ಮೇಲೆ ಬಟ್ಟೆ ಒಣಗಿದೆ. ಇಬ್ಬರೂ ಹೋಗಿ ತೆಗೆದುಕೊಂಡು ಬನ್ನಿ. ಬೇಗ ಬರಬೇಕು ಅಂತೇನಿಲ್ಲ."

ತಾರಸಿಯಲ್ಲಿ ಗಾಳಿಗೆ ಬಿಳಿಯ ಹಾಸುಗಳು ಹಾರಾಡುತ್ತಿದ್ದವು. ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು. ಮಡಿಸುತ್ತಾ ಮಡಿಸುತ್ತಾ ಇಬ್ಬರೂ ಎದುರೆದುರು ಬಂದು ನಿಂತರು. ಹಾಸಿನಡಿ ಬೆರಳಿಗೆ ಬೆರಳು ತಾಗಿತು. ಯಾರೂ ಕೈ ಹಿಂದೆಗೆಯಲಿಲ್ಲ.

"ನಾನೊಂದು ಮಾತು ಹೇಳ್ಬೇಕು," ಎಂದಳು ಚೂಟಿ. "ಇಷ್ಟು ದಿನ ಹೇಳಿಲ್ಲ."

"ಏನು?"

"ನೀವು ಅಂದ್ರೆ ನನಗೆ ಪ್ರಾಣ. ಅಷ್ಟೇ. ಹೇಳಿಬಿಟ್ಟೆ!"

ಅವನು ಮೂರು ಕೃತಕ ಹಲ್ಲೂ ಕಾಣುವಂತೆ ನಕ್ಕ. ಕಣ್ಣು ಮಾತ್ರ ತುಂಬಿ ಬಂದಿತ್ತು.

"ಹಾಗಾದ್ರೆ ಇನ್ನು ಮೇಲೆ ಈ 'ನೀವು', 'ರೀ' ಎಲ್ಲಾ ಬಿಟ್ಟುಬಿಡಿ," ಎಂದ ಕೊನೆಗೆ. "ಎಷ್ಟು ದಿನಾಂತ ಹೊರಗಿನವನ ಹಾಗೆ ಕರೀತೀರಿ?"

"ಆಗಲ್ಲ."

"ಯಾಕೆ?"

ಅವಳು ಮಡಿಸಿದ ಹಾಸನ್ನು ಅವನ ತೋಳಿಗೆ ಹಾಕಿ, ನಾಚಿಕೆಯಿಂದ ಮುಖ ತಿರುಗಿಸಿದಳು.

"ಗಂಡನನ್ನ ಇನ್ನೇನಂತ ಕರೀತಾರೆ... ರೀ?"